ಎದೆಯೊಡೆತ: ನುಡಿಗಟ್ಟು, ವ್ಯಾಧಿ ಮತ್ತು ಚಿಕಿತ್ಸೆ – ಪಶ್ಚಿಮ ಬೆಂಗಳೂರನ್ನು ಅನುಲಕ್ಷಿಸಿ

ಹಠಾತ್ತನೆ ಸತ್ತವರನ್ನು ಕುರಿತು ‘ಎದೆ ಒಡೆದು ಸತ್ತ’ ಎಂದು ಹೇಳುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ಮಗನ ಸಾವಿನ ಸುದ್ದಿ ಕೇಳಿದ ತಾಯಿ, ಕಣದಲ್ಲಿದ್ದ ಫಸಲು ಕೊಚ್ಚಿಹೋದುದನ್ನು ಕಂಡ ಒಕ್ಕಲಿಗ, ಮನೆ ಇಬ್ಭಾಗವಾಗುವುದನ್ನು ನೋಡುತ್ತ ಕುಳಿತ ಹಿರಿಯ, ಇವರೆಲ್ಲರ ಎದೆ ಜನಪದರ ಮಾತಿನಲ್ಲಿ ಒಡೆಯುತ್ತದೆ, ಬಿರಿಯುತ್ತದೆ, ಹೋಳಾಗುತ್ತದೆ. ಹಳಗನ್ನಡದ ‘ಎರ್ದೆ’ಯಿಂದ ಬಂದ ಈ ‘ಎದೆ’ಯ ಅರ್ಥವ್ಯಾಪ್ತಿ ದೊಡ್ಡದು. ಪಕ್ಕೆಲುಬಿನ ಗೂಡು, ತಾಯಿಯ ಮೊಲೆ, ಒಳಗಿನ ಹೃದಯ, ಧೈರ್ಯ, ಮನಸ್ಸು ಇವೆಲ್ಲವೂ ಎದೆಯೇ. ಎದೆಹಾಲು, ಎದೆಗಾರಿಕೆ, ಎದೆಗುಂದು, ಎಂಟೆದೆ ಎಂಬ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ತಿಳಿಯುತ್ತದೆ. ಅಂಗವನ್ನೇ ನಿರ್ದಿಷ್ಟವಾಗಿ ಹೇಳಬೇಕಾದಾಗ ‘ಗುಂಡಿಗೆ’ ಎಂಬ ಪದವಿದೆ. ತೆಲುಗಿನ ‘ಗುಂಡೆ’ ಇದರ ಸೋದರ ಪದ. ಆದರೆ ಗುಂಡಿಗೆಯೂ ಬಳಕೆಯಲ್ಲಿ ಕೆಚ್ಚಿನ ಕಡೆಗೇ ವಾಲಿದೆ. ಸಂಸ್ಕೃತದ ‘ಹೃದಯ’ ಬರೆಹಕ್ಕೆ, ಆಸ್ಪತ್ರೆಯ ಫಲಕಕ್ಕೆ ಸೇರಿದ್ದು. ನೋವು ಬಂದಾಗ ಬಾಯಿಗೆ ಬರುವ ಮಾತು ‘ಎದೆ ನೋವು’ ಒಂದೇ. ಆ ನೋವು ಮೂಳೆಯದೋ, ಸ್ನಾಯುವಿನದೋ, ಹೊಟ್ಟೆಯದೋ, ಹೃದಯದ್ದೋ ಎಂಬುದನ್ನು ಆ ಪದ ಹೇಳುವುದಿಲ್ಲ.

ಎದೆ ಒಡೆಯುವುದೆಂಬ ಮಾತನ್ನು ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಅಲಂಕಾರವೆಂದೇ ಗ್ರಹಿಸಿವೆ. ವೈದ್ಯಶಾಸ್ತ್ರದ ಒಂದು ಪುಟ್ಟ ಅಧ್ಯಾಯದಲ್ಲಿ ಅದು ಅಕ್ಷರಶಃ ನಿಜ. ಹೃದಯಾಘಾತವಾದ ಕೆಲವೇ ದಿನಗಳಲ್ಲಿ ಹೃದಯದ ಗೋಡೆ ಹರಿಯುವ ಸಂದರ್ಭಗಳಿವೆ. ರಕ್ತಪರಿಚಲನೆಯನ್ನು ವಿವರಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವಿ 1649ರಷ್ಟು ಹಿಂದೆಯೇ ಇಂಥ ಒಡೆದ ಹೃದಯವೊಂದನ್ನು ಶವಪರೀಕ್ಷೆಯಲ್ಲಿ ಕಂಡು ದಾಖಲಿಸಿದ್ದಾನೆ. ಇಂದು ಈ ಹರಕನ್ನು ಎದೆ ಸೀಳದೆಯೇ, ತೊಡೆಸಂದಿ ಮತ್ತು ಕುತ್ತಿಗೆಯ ರಕ್ತನಾಳಗಳ ಮೂಲಕ ಹೋಗಿ ಮುಚ್ಚುವ ಚಿಕಿತ್ಸೆಯೂ ಬಂದಿದೆ. ಆ ಚಿಕಿತ್ಸೆ ಏನು, ಅದರ ಮಿತಿ ಎಲ್ಲಿ, ಅದರ ಅಗತ್ಯ ಬೀಳುವುದಕ್ಕೂ ನಮ್ಮ ಜನರ ರೋಗಭಾಷೆಗೂ ಇರುವ ನಂಟೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಒಡೆತದ ಬಗೆ

ಹೃದಯಕ್ಕೆ ರಕ್ತ ಉಣಿಸುವ ಪರಿಧಮನಿಗಳಲ್ಲಿ ಒಂದು ಹೆಪ್ಪುಗಟ್ಟಿ ಮುಚ್ಚಿಹೋದಾಗ ಅದನ್ನು ನೆಚ್ಚಿದ ಸ್ನಾಯುಭಾಗ ಗಂಟೆಗಳ ಲೆಕ್ಕದಲ್ಲಿ ಸಾಯತೊಡಗುತ್ತದೆ. ಮುಚ್ಚಿದ ನಾಳವನ್ನು ಔಷಧಿಯಿಂದಲೋ ಬಲೂನು ಮತ್ತು ಸ್ಟೆಂಟಿನಿಂದಲೋ ಬೇಗ ತೆರೆದರೆ ಸ್ನಾಯು ಬಹುಪಾಲು ಉಳಿಯುತ್ತದೆ. ತೆರೆಯದಿದ್ದರೆ ಸತ್ತ ಸ್ನಾಯು ಮೆತ್ತಗಾಗುತ್ತದೆ. ಅದರ ಜಾಗದಲ್ಲಿ ಗಟ್ಟಿ ಕಲೆ ಕೂಡಿಕೊಳ್ಳಲು ವಾರಗಳು ಬೇಕು. ನಡುವಿನ ದಿನಗಳಲ್ಲಿ ಆ ಭಾಗ ನೆನೆದ ಹಳೆಯ ಬಟ್ಟೆಯಂತೆ ಇರುತ್ತದೆ. ಹೃದಯಕ್ಕೆ ಆಗಲೂ ವಿರಾಮವಿಲ್ಲವಾದ್ದರಿಂದ ಪ್ರತಿ ಬಡಿತದ ಒತ್ತಡವನ್ನೂ ಅದು ತಾಳಬೇಕು. ಕೆಲವರಲ್ಲಿ ತಾಳದೆ ಹರಿಯುತ್ತದೆ. ಮೊದಲ ದಿನ ಒಮ್ಮೆ, ಮೂರರಿಂದ ಐದನೆಯ ದಿನದ ಸುಮಾರಿಗೆ ಇನ್ನೊಮ್ಮೆ ಈ ಅಪಾಯ ಹೆಚ್ಚು.

ಹರಿಯುವ ಜಾಗ ಮುಖ್ಯವಾಗಿ ಮೂರು. ಹೊರಗೋಡೆ ಹರಿದರೆ ರಕ್ತ ಹೃದಯದ ಹೊರಚೀಲಕ್ಕೆ ನುಗ್ಗಿ ಹೃದಯವನ್ನೇ ಅಮುಕುತ್ತದೆ. ಹೆಚ್ಚಿನವರಿಗೆ ಆಸ್ಪತ್ರೆಯ ಬಾಗಿಲು ಕಾಣುವಷ್ಟೂ ಕಾಲ ಇರುವುದಿಲ್ಲ. ದ್ವಿದಳ ಕವಾಟದ ದಾರಗಳನ್ನು ಹಿಡಿದಿರುವ ಸ್ನಾಯುಸ್ತಂಭ ಹರಿದರೆ ಕವಾಟ ಜೋಲುಬಿದ್ದು, ರಕ್ತ ಹಿಮ್ಮುಖವಾಗಿ ಶ್ವಾಸಕೋಶದ ಕಡೆಗೆ ಏರುತ್ತದೆ. ಎಡ ಬಲ ಹೃತ್ಕುಕ್ಷಿಗಳ ನಡುಗೋಡೆ ತೂತಾದರೆ ಎಡಗಡೆಯ ರಕ್ತ ಮೈಗೆ ಹೋಗುವುದನ್ನು ಬಿಟ್ಟು ಬಲಗಡೆಗೆ ಹರಿಯುತ್ತದೆ. ಒಂದು ಕಡೆ ಶ್ವಾಸಕೋಶದಲ್ಲಿ ರಕ್ತ ಹೆಚ್ಚಿ ಉಬ್ಬಸ, ಇನ್ನೊಂದು ಕಡೆ ಮೂತ್ರಪಿಂಡಕ್ಕೂ ಮಿದುಳಿಗೂ ರಕ್ತದ ಕೊರತೆ. ಇಂಥ ರೋಗಿಯ ಎದೆಯ ಮೇಲೆ ಅಂಗೈ ಇಟ್ಟರೆ ಒಳಗಿನ ಸೋರಿಕೆ ಬೆಕ್ಕಿನ ಗುರುಗುಟ್ಟುವಿಕೆಯಂತೆ ಕೈಗೇ ತಿಳಿಯುವುದುಂಟು. ಖಚಿತಪಡಿಸುವುದು ಎಕೋ ಪರೀಕ್ಷೆ.

ಇಲ್ಲಿ ಜಾನಪದ ಅಧ್ಯಯನಕಾರರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಸಾವಿನ ಮನೆಯಲ್ಲಿ ‘ಒಂದು ದಿನವೂ ಆಸ್ಪತ್ರೆ ಕಂಡವನಲ್ಲ’ ಎಂದು ಆಡಿ ಅಳುವುದು ಸಾಮಾನ್ಯ. ನಡುಗೋಡೆ ಹರಿಯುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಅವರಲ್ಲಿ ಹೆಂಗಸರ ಪಾಲು ದೊಡ್ಡದು, ಮತ್ತು ಅನೇಕರಿಗೆ ಅದೇ ಮೊದಲ ಹೃದಯಾಘಾತ. ಹಿಂದೆ ಎದೆನೋವಿನ ಇತಿಹಾಸವಿದ್ದವರಲ್ಲಿ ಸಣ್ಣ ಪರ್ಯಾಯ ರಕ್ತನಾಳಗಳು ಬೆಳೆದಿರುತ್ತವೆ. ಏನೂ ಆಗದಿದ್ದವರಿಗೆ ಆ ರಕ್ಷಣೆ ಇಲ್ಲ. ಎರಡನೆಯದು, ಸ್ನಾಯು ಪೂರ್ತಿ ಸತ್ತ ಮೇಲೆ ನೋವು ತಾನಾಗಿ ಇಳಿಯುತ್ತದೆ. ಮನೆಯವರು ಅದನ್ನು ಗುಣವೆಂದು ತಿಳಿಯುತ್ತಾರೆ. ಎರಡು ದಿನ ಸುಸ್ತೆಂದು ಮಲಗಿ, ಮೂರನೆಯ ದಿನ ಎದ್ದು ಓಡಾಡಿ, ನಾಲ್ಕನೆಯ ದಿನ ಉಸಿರಾಡಲಾರದೆ ಆಸ್ಪತ್ರೆಗೆ ಬರುವ ಕ್ರಮ ಈ ವ್ಯಾಧಿಯ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತದೆ.

ಆರು ಗಂಟೆಯ ಕಥನ

ನಾಳ ತೆರೆಯುವ ಚಿಕಿತ್ಸೆಗಳು ಬರುವ ಮೊದಲು ಹೃದಯಾಘಾತವಾದ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ನಡುಗೋಡೆ ಹರಿಯುತ್ತಿತ್ತು. ಆ ಚಿಕಿತ್ಸೆಗಳು ಬಂದ ಬಳಿಕ ಅದು ಸಾವಿರಕ್ಕೆ ಎರಡು ಮೂರಕ್ಕೆ ಇಳಿದಿದೆ. ಹಾಗಾಗಿ ಇಂದು ಎದೆಯೊಡೆತವು ಬಹುಮಟ್ಟಿಗೆ ತಡವಾಗಿ ಬಂದವರ ಕಾಯಿಲೆ. ತಡವೆಂದರೆ ಎಷ್ಟು? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ಮುಂದಾಳತ್ವದಲ್ಲಿ ನಡೆದು 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ‘ಕ್ರಿಯೇಟ್’ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಭಾರತದ 50 ನಗರಗಳ 89 ಆಸ್ಪತ್ರೆಗಳ 20,468 ರೋಗಿಗಳನ್ನು ಒಳಗೊಂಡ ಈ ಅಧ್ಯಯನದಲ್ಲಿ ನೋವು ಆರಂಭವಾದ ಹೊತ್ತಿನಿಂದ ಆಸ್ಪತ್ರೆ ಮುಟ್ಟುವ ತನಕದ ಮಧ್ಯಮಾಂಕ 360 ನಿಮಿಷ. ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಔಷಧಿ ಸಿಗುವುದಕ್ಕೆ ಹಿಡಿದದ್ದು 50 ನಿಮಿಷ. ಎಂದರೆ, ಅರ್ಧದಷ್ಟು ರೋಗಿಗಳು ಆರು ಗಂಟೆಗೂ ಹೆಚ್ಚು ಕಾಲ ಮನೆಯಲ್ಲೋ ದಾರಿಯಲ್ಲೋ ಕಳೆದಿದ್ದರು. ದಾರಿಯ ಪಾಲನ್ನು ವಾಹನ ಸಂಚಾರದ ಮೇಲೆ ಹೊರಿಸಬಹುದು. ಮನೆಯೊಳಗಿನ ಪಾಲನ್ನು ಅರಿಯಬೇಕಾದರೆ ಮನೆಯ ಮಾತನ್ನು ಕೇಳಬೇಕಾಗುತ್ತದೆ.

ಪಶ್ಚಿಮ ಬೆಂಗಳೂರು ಈ ದೃಷ್ಟಿಯಿಂದ ತಕ್ಕ ಕ್ಷೇತ್ರ. 1949ರಲ್ಲಿ ಶಂಕುಸ್ಥಾಪನೆಯಾದ ರಾಜಾಜಿನಗರ ಕೈಗಾರಿಕಾ ಬಡಾವಣೆಯಾಗಿ ಬೆಳೆದದ್ದು, ಇಲ್ಲಿನ ಇ.ಎಸ್.ಐ. ಆಸ್ಪತ್ರೆ ಕಾರ್ಖಾನೆ ಕಾರ್ಮಿಕರದೇ. ಬಸವೇಶ್ವರನಗರ, ವಿಜಯನಗರ, ಮಾಗಡಿ ರಸ್ತೆಯ ಇಕ್ಕೆಲದ ಬಡಾವಣೆಗಳಲ್ಲಿ ತುಮಕೂರು, ಮಾಗಡಿ, ಮಂಡ್ಯ, ಹಾಸನ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಕೆಂಗೇರಿಯಂತೂ ಮೊನ್ನೆಮೊನ್ನೆಯವರೆಗೆ ಊರೇ ಆಗಿತ್ತು. ಮೈಸೂರು ರಸ್ತೆಯ ಮೆಟ್ರೊ ಅಲ್ಲಿಗೆ ತಲುಪಿದ್ದು 2021ರಲ್ಲಿ. ಇಲ್ಲಿನ ಮೂರನೆಯ ತಲೆಮಾರು ಕಂಪ್ಯೂಟರ್ ಕಂಪನಿಗೆ ಹೋಗುತ್ತಿದ್ದರೂ ನೋವಿನ ಮಾತಿಗೆ ಅಜ್ಜಿಯ ಊರೇ ಆಧಾರ.

ಆ ಮಾತಿನ ಕೇಂದ್ರದಲ್ಲಿರುವುದು ವಾಯು. ಸಂದಿನಲ್ಲಿ ನೋವು ಬಂದರೂ, ಹೊಟ್ಟೆ ಉಬ್ಬಿದರೂ, ಪಕ್ಕೆಗೆ ಚಳುಕು ಹೊಡೆದರೂ ವಾಯುವೇ ಕಾರಣ. ಮೈಯ ಒಂದು ಭಾಗ ಬಿದ್ದುಹೋದರೆ ಪಾರ್ಶ್ವವಾಯು. ಮೈಯೊಳಗೆ ಸುತ್ತಾಡುವ, ಎಲ್ಲಿ ಬೇಕಾದರೂ ನಿಲ್ಲಬಲ್ಲ ಶಕ್ತಿಯೆಂಬುದು ಇದರ ಕಲ್ಪನೆ. ನಗರದಲ್ಲಿ ಈ ವಾಯು ಹೆಸರು ಬದಲಿಸಿಕೊಂಡು ‘ಗ್ಯಾಸ್’ ಆಯಿತು, ಅನಂತರ ‘ಗ್ಯಾಸ್ಟ್ರಿಕ್’ ಆಯಿತು. ‘ನಂಗೆ ಗ್ಯಾಸ್ಟ್ರಿಕ್ ಇದೆ’ ಎಂದು ಬೆಂಗಳೂರಿಗರು ಹೇಳುವಾಗ ಇಂಗ್ಲಿಷಿನ ವಿಶೇಷಣವೊಂದು ಕನ್ನಡದಲ್ಲಿ ರೋಗದ ಹೆಸರೇ ಆಗಿಬಿಟ್ಟಿರುವುದು ಭಾಷಾದೃಷ್ಟಿಯಿಂದಲೂ ಕುತೂಹಲಕರ. ಇದು ವೈದ್ಯಗ್ರಂಥದ ರೋಗವಲ್ಲ. ಹಳೆಯ ವಾಯುವಿನ ಗುಣಗಳನ್ನೆಲ್ಲ ಉಳಿಸಿಕೊಂಡ ಹೊಸ ಜನಪದ ರೋಗ. ಇದಕ್ಕೆ ಉಪಚಾರವೂ ಸಿದ್ಧವಾಗಿದೆ: ಓಮದ ನೀರು, ಜೀರಿಗೆ ಕಷಾಯ, ಇಂಗು ಬೆರೆಸಿದ ಮಜ್ಜಿಗೆ, ಉಪ್ಪಿನ ಗಂಟಿನ ಶಾಖ, ಬೀದಿ ತುದಿಯ ಅಂಗಡಿಯ ಸೋಡಾ, ಮೆಡಿಕಲ್ ಸ್ಟೋರಿನವರು ಕೇಳಿದೊಡನೆ ಕೊಡುವ ಗುಳಿಗೆ. ದೃಷ್ಟಿಯಾಗಿದೆಯೆಂಬ ಶಂಕೆ ಬಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಉಂಟು. ಒಂದೊಂದಕ್ಕೂ ‘ಸ್ವಲ್ಪ ಹೊತ್ತು ನೋಡೋಣ’ ಎಂಬ ಅವಧಿ. ಹೀಗೆ ನಾಲ್ಕೈದು ‘ಸ್ವಲ್ಪ ಹೊತ್ತು’ಗಳು ಕೂಡಿದರೆ ಆರು ಗಂಟೆಯಾಗುವುದು ಕಷ್ಟವಲ್ಲ.

ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಹೃದಯದ ಕೆಳಗೋಡೆಗೆ ಆಘಾತವಾದಾಗ ನೋವು ಮೇಲ್ಹೊಟ್ಟೆಯಲ್ಲಿ ಕಾಣಿಸುವುದು, ಓಕರಿಕೆ, ತೇಗು ಬರುವುದು ವೈದ್ಯರೂ ಒಪ್ಪುವ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದಿರಬಹುದು. ಹೆಂಗಸರಲ್ಲಿ ದವಡೆ, ಬೆನ್ನು, ಹೆಗಲಿನ ನೋವು, ಬೆವರು, ‘ಒಂಥರಾ ಸಂಕಟ’ ಇಷ್ಟೇ ಇರಬಹುದು. ಹೀಗಿರುವಾಗ ಗ್ಯಾಸೆಂದು ಊಹಿಸಿದವರು ತಮಗೆ ಗೊತ್ತಿರುವ ಲಕ್ಷಣಗಳಿಂದ ತರ್ಕಬದ್ಧವಾಗಿಯೇ ಊಹಿಸಿದ್ದಾರೆ. ದುರದೃಷ್ಟವೆಂದರೆ, ಹೊಟ್ಟೆಯ ನೋವಿನಂತೆ ನಟಿಸುವ ಈ ಕೆಳಗೋಡೆಯ ಆಘಾತದಲ್ಲಿ ನಡುಗೋಡೆ ಹರಿದರೆ ಆ ಹರಕು ಬುಡದ ಕಡೆ, ಕವಾಟದ ಸಮೀಪ, ಅಂಕುಡೊಂಕಾಗಿ ಇರುತ್ತದೆ. ಮುಂಗೋಡೆಯ ಆಘಾತದಲ್ಲಿ ಅದು ತುದಿಯ ಬಳಿ, ಹೆಚ್ಚು ನೇರವಾಗಿ ಇರುತ್ತದೆ. ಸ್ನಾಯುಸ್ತಂಭ ಹರಿಯುವುದೂ ಕೆಳಗೋಡೆಯ ಆಘಾತದಲ್ಲೇ ಹೆಚ್ಚು. ಒಂದೇ ನಾಳವನ್ನು ನೆಚ್ಚಿದ ಸ್ತಂಭ ಆ ಕಡೆಯದು. ಅತ್ಯಂತ ಸುಲಭವಾಗಿ ಗ್ಯಾಸೆಂದು ಕರೆಸಿಕೊಳ್ಳುವ ಆಘಾತವೇ ಮುಚ್ಚಲು ಅತ್ಯಂತ ಕಷ್ಟವಾದ ಹರಕನ್ನು ಉಂಟುಮಾಡುತ್ತದೆ.

ಭಯದ ವಿತರಣೆಯೂ ವಿಚಿತ್ರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ಇ.ಸಿ.ಜಿ.ಗಾಗಿ ಜನ ಸಾಲುಗಟ್ಟಿದರು. 2025ರ ಜೂನ್–ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದೇ ದೃಶ್ಯ. ನೋವಿಲ್ಲದವರು ಹಗಲಲ್ಲಿ ಸಾಲು ನಿಲ್ಲುತ್ತಾರೆ. ನಡುರಾತ್ರಿ ನೋವು ಬಂದವರು ಓಮ ಕುದಿಸುತ್ತಾರೆ. ಸಾವಿನ ಸುದ್ದಿ ವದಂತಿಯ ರೂಪದಲ್ಲಿ ಬರುವಾಗ ‘ಅಟ್ಯಾಕ್’ ಎಂಬ ಪದ ನಾಲಗೆಯ ಮೇಲಿರುತ್ತದೆ. ಸ್ವಂತ ಮನೆಯಲ್ಲಿ ಆ ಪದವನ್ನು ಉಚ್ಚರಿಸುವುದು ಅಪಶಕುನವಾಗುತ್ತದೆ. ‘ಬಿಡ್ತು ಅನ್ನು’ ಎಂದು ಗದರುವ ನಾಡು ಇದು.

ಹರಕು ಮುಚ್ಚುವ ಬಗೆ

ನಡುಗೋಡೆಯ ಇಂಥ ಹರಕನ್ನು ಶಸ್ತ್ರಚಿಕಿತ್ಸೆಯಿಂದ ಮೊದಲಿಗೆ ಮುಚ್ಚಿದವರು ಅಮೆರಿಕದ ಹೂಸ್ಟನ್ ನಗರದ ಡೆಂಟನ್ ಕೂಲಿ, ವರ್ಷ 1956. ಎದೆಯ ನಡುಮೂಳೆ ಕತ್ತರಿಸಿ, ಹೃದಯವನ್ನು ನಿಲ್ಲಿಸಿ, ಯಂತ್ರದ ನೆರವಿನಲ್ಲಿ ರಕ್ತ ಹರಿಸುತ್ತ, ತೂತಿಗೆ ತೇಪೆ ಹೊಲಿಯುವ ಕೆಲಸವಿದು. ಇದರ ಮುಖ್ಯ ತೊಡಕು ಕೌದಿ ಹೊಲಿಯುವ ಯಾವ ಹೆಂಗಸಿಗೂ ಅರ್ಥವಾಗುವಂಥದು: ಲಡ್ಡಾದ ಬಟ್ಟೆಗೆ ಸೂಜಿ ಚುಚ್ಚಿದರೆ ದಾರ ಬಟ್ಟೆಯನ್ನೇ ಕೊಯ್ಯುತ್ತದೆ, ಹೊಲಿಗೆ ನಿಲ್ಲಬೇಕಾದರೆ ಗಟ್ಟಿ ಬಟ್ಟೆಯ ತನಕ ಹೋಗಬೇಕು. ಟೊರಾಂಟೊ ನಗರದ ಟಿರೋನ್ ಡೇವಿಡ್ ರೂಪಿಸಿದ ಕ್ರಮದಲ್ಲಿ ಸತ್ತ ಭಾಗವನ್ನೆಲ್ಲ ಒಳಗಿನಿಂದ ದೊಡ್ಡ ತೇಪೆಯಲ್ಲಿ ಮುಚ್ಚಿ, ಅಂಚನ್ನು ಜೀವಂತ ಸ್ನಾಯುವಿಗೆ ಹೊಲಿಯುವುದು ಇದೇ ತತ್ತ್ವದಿಂದ.

ಹಾಗಾದರೆ ಅಂಚು ಗಟ್ಟಿಯಾಗುವ ತನಕ ಕಾಯಬಾರದೇಕೆ? ಅಮೆರಿಕದ ಎದೆ ಶಸ್ತ್ರವೈದ್ಯರ ಸಂಘದ ದಾಖಲೆಗಳಲ್ಲಿನ 2,876 ರೋಗಿಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 42.9 ಮಂದಿ ಸತ್ತಿದ್ದರು. ಆಘಾತದ ಏಳು ದಿನದೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಶೇ. 54.1, ಅನಂತರ ಆದವರಲ್ಲಿ ಶೇ. 18.4. ಕಾದವರ ಅಂಕಿ ಚೆನ್ನಾಗಿ ಕಾಣುವುದಕ್ಕೆ ಕಾಯುತ್ತಲೇ ಸತ್ತವರು ಈ ಲೆಕ್ಕಕ್ಕೆ ಬಾರದಿರುವುದೂ ಒಂದು ಕಾರಣವೆಂಬುದನ್ನು ಮರೆಯಬಾರದು. ಏನೂ ಮಾಡದೆ ಬಿಟ್ಟರಂತೂ ಬದುಕುವವರು ಬೆರಳೆಣಿಕೆ.

ಈ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಎದೆ ಸೀಳದ ದಾರಿ. 1988ರಲ್ಲಿ ಬಾಸ್ಟನ್ ನಗರದ ಜೇಮ್ಸ್ ಲಾಕ್ ಮತ್ತು ಸಂಗಡಿಗರು ಜೋಡಿ ಕೊಡೆಯ ಆಕಾರದ ಸಾಧನವನ್ನು ರಕ್ತನಾಳದ ಮೂಲಕ ಒಯ್ದು ನಡುಗೋಡೆಯ ತೂತುಗಳನ್ನು ಮುಚ್ಚಿದ ವರದಿ ಪ್ರಕಟಿಸಿದರು. ಮುಂದೆ ಕರ್ಟ್ ಆಂಪ್ಲಾಟ್ಸ್ ನಿಕಲ್ ಮತ್ತು ಟೈಟೇನಿಯಂ ಮಿಶ್ರಲೋಹದ ತಂತಿಯಲ್ಲಿ ಹೆಣೆದ ಸಾಧನ ಬಂತು. ಎರಡು ಬಿಲ್ಲೆ, ನಡುವೆ ಸೊಂಟ. ಬುಡುಬುಡಿಕೆಯವರ ಕೈಯ ಬುಡುಬುಡಿಕೆಯನ್ನು ನೆನಪಿಸುವ ಆಕಾರ. ಒಳಗೆ ಪಾಲಿಯೆಸ್ಟರ್ ಬಟ್ಟೆ. ಎಳೆದರೆ ದಾರದಂತೆ ಸಣ್ಣಗಾಗಿ ನಳಿಕೆಯೊಳಗೆ ಸೇರುತ್ತದೆ. ಹೊರಬಿಟ್ಟರೆ ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಹೃದಯಾಘಾತದ ನಂತರದ ಹರಕಿಗೆಂದೇ ತಯಾರಾದ ಬಗೆಯಲ್ಲಿ ಸೊಂಟದ ಅಗಲ 24 ಮಿಲಿಮೀಟರಿನವರೆಗೆ ಇದೆ.

ಕ್ರಮ ಹೀಗಿದೆ. ತೊಡೆಸಂದಿಯ ಧಮನಿಯಿಂದ ತೆಳುವಾದ ತಂತಿಯನ್ನು ಎಡ ಹೃತ್ಕುಕ್ಷಿಗೆ ಏರಿಸಿ, ಅಲ್ಲಿಂದ ಹರಕಿನ ಮೂಲಕ ಬಲಗಡೆಗೆ ದಾಟಿಸುತ್ತಾರೆ. ಕುತ್ತಿಗೆಯ ಅಭಿಧಮನಿಯಿಂದ ಇಳಿಸಿದ ಕುಣಿಕೆ ಆ ತಂತಿಯ ತುದಿಯನ್ನು ಹಿಡಿದು ಹೊರಗೆಳೆಯುತ್ತದೆ. ಈಗ ತೊಡೆಯಿಂದ ಕುತ್ತಿಗೆಯವರೆಗೆ, ಹರಕಿನ ಮೂಲಕವೇ ಹಾದ ಒಂದೇ ತಂತಿ. ಇದರ ಮೇಲೆ ಕುತ್ತಿಗೆಯ ಕಡೆಯಿಂದ ನಳಿಕೆ ಇಳಿಸಿ, ಹರಕು ದಾಟಿ, ಎಡಗಡೆ ಮೊದಲ ಬಿಲ್ಲೆಯನ್ನು ಬಿಡಿಸಿ ಗೋಡೆಗೆ ಒತ್ತುವಂತೆ ಎಳೆದು, ಬಲಗಡೆ ಎರಡನೆಯದನ್ನು ಬಿಡಿಸುತ್ತಾರೆ. ಎಕ್ಸ್-ರೇ ಪರದೆಯೂ ಅನ್ನನಾಳದ ಒಳಗಿಟ್ಟ ಎಕೋ ಸಾಧನವೂ ಕಣ್ಣಾಗಿ ಕೆಲಸ ಮಾಡುತ್ತವೆ. ಸರಿಯಾಗಿ ಕೂತಿದೆಯೆಂದು ಖಚಿತವಾದ ಮೇಲಷ್ಟೇ ಸಾಧನವನ್ನು ತಂತಿಯಿಂದ ಬಿಡಿಸುವುದು.

ಹೇಳಿದಷ್ಟು ಸುಲಭವಲ್ಲ. ಹರಕು ದೊಡ್ಡದಿದ್ದರೆ, ಕವಾಟಕ್ಕೆ ಅಂಟಿಕೊಂಡಿದ್ದರೆ ಸಾಧನಕ್ಕೆ ನೆಲೆ ಇಲ್ಲ. ಅಂಚು ಮತ್ತೆ ಹರಿದು ಸಾಧನ ಕಳಚಬಹುದು. ಸಂದಿಯಲ್ಲಿ ಸೋರಿಕೆ ಉಳಿದು ರಕ್ತಕಣಗಳು ಒಡೆಯಬಹುದು. ಬ್ರಿಟನ್ನಿನಲ್ಲಿ 1997ರಿಂದ 2012ರವರೆಗೆ ಈ ಕ್ರಮಕ್ಕೆ ಒಳಗಾದ 53 ರೋಗಿಗಳಲ್ಲಿ ಶೇ. 58 ಮಂದಿ ಜೀವಂತವಾಗಿ ಮನೆಗೆ ಮರಳಿದರು. ಅದೇ ದೇಶದ 362 ರೋಗಿಗಳನ್ನು ಕುರಿತ 2022ರ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಸತ್ತವರ ಪ್ರಮಾಣ ನಳಿಕೆಯ ಚಿಕಿತ್ಸೆಯಲ್ಲಿ ಶೇ. 55, ಶಸ್ತ್ರಚಿಕಿತ್ಸೆಯಲ್ಲಿ ಶೇ. 44.2. ನಳಿಕೆಯ ಚಿಕಿತ್ಸೆ ಪಡೆದವರು ಹೆಚ್ಚು ವಯಸ್ಸಾದವರಾಗಿದ್ದರು. ದೀರ್ಘಕಾಲದ ಫಲಿತದಲ್ಲಿ ಎರಡಕ್ಕೂ ಗಣನೀಯ ಅಂತರ ಕಾಣಲಿಲ್ಲ. ಆದ್ದರಿಂದ ‘ಆಪರೇಷನ್ ಇಲ್ಲದೆ ಗುಣ’ ಎಂಬ ಜಾಹೀರಾತಿನ ಧಾಟಿ ಈ ವಿಷಯಕ್ಕೆ ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಇದೊಂದು ದಾರಿ. ಹೊಲಿಗೆ ಬಿಟ್ಟುಕೊಂಡು ಮತ್ತೆ ಸೋರತೊಡಗಿದವರಿಗೂ ದಾರಿ. ಮಹಾಧಮನಿಯಲ್ಲಿ ಇಡುವ ಬಲೂನು ಪಂಪು ಮುಂತಾದ ಯಂತ್ರಗಳ ನೆರವಿನಿಂದ ಕೆಲವು ದಿನ ದೂಡಿ, ಆಮೇಲೆ ನಿರ್ಧರಿಸುವುದೂ ಉಂಟು. ಸ್ನಾಯುಸ್ತಂಭ ಹರಿದವರಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಅದು ಸಾಧ್ಯವಿಲ್ಲದ ಕೆಲವರಲ್ಲಿ ಕವಾಟದ ಎರಡು ದಳಗಳನ್ನು ಕ್ಲಿಪ್ಪಿನಿಂದ ಜೋಡಿಸುವ ನಳಿಕೆಯ ಚಿಕಿತ್ಸೆ ಫಲ ಕೊಟ್ಟಿದೆ.

ಈ ಹಂತದಲ್ಲಿ ರೋಗಿಯ ಮನೆಯವರಿಗೆ ವೈದ್ಯರು ‘ಹಾರ್ಟಲ್ಲಿ ಹೋಲ್ ಆಗಿದೆ’ ಎನ್ನುತ್ತಾರೆ. ಕನ್ನಡದ ಕಿವಿಗೆ ‘ಹಾರ್ಟಲ್ಲಿ ಹೋಲ್’ ಎಂದರೆ ಹಸುಗೂಸಿನ ಕಾಯಿಲೆ. ಹುಟ್ಟಿನಿಂದ ಬಂದದ್ದು, ನೆರೆಮನೆಯ ಮಗುವಿಗೆ ಸಾಧನ ಹಾಕಿ ಸರಿಮಾಡಿದ್ದು. ಹುಟ್ಟುತೂತಿನ ಅಂಚು ಗಟ್ಟಿ, ಈ ತೂತಿನ ಅಂಚು ಕೊಳೆತದ್ದು ಎಂಬ ಭೇದ ಆ ಪದದಲ್ಲಿಲ್ಲ. ಅರುವತ್ತು ದಾಟಿದವರಿಗೆ ಹುಟ್ಟುತೂತು ಈಗ ಹೇಗೆ ಕಂಡಿತು ಎಂಬ ಗೊಂದಲ, ಅಷ್ಟೊಂದು ಅಪಾಯವೇಕೆ ಎಂಬ ಅನುಮಾನ, ವೈದ್ಯರ ಮೇಲಿನ ಸಂಶಯ ಇವೆಲ್ಲ ಒಂದೇ ಪದದಿಂದ ಹುಟ್ಟಬಲ್ಲವು. ‘ನೋವು ಬಂದ ದಿನ ಸತ್ತ ಗೋಡೆ ಈಗ ಒಡೆದಿದೆ’ ಎಂದರೆ ಹೆಚ್ಚು ತಿಳಿಯುತ್ತದೆ. ಒಡೆಯುವುದು ಜನರಿಗೆ ಗೊತ್ತಿರುವ ಕ್ರಿಯಾಪದ.

2023ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ. ಮಾಗಡಿಯಿಂದಲೋ ಕುಣಿಗಲಿನಿಂದಲೋ ರಾಜಾಜಿನಗರಕ್ಕೆ ಬರುವ ರೋಗಿ ದಾರಿಯಲ್ಲಿ ಕಳೆದುಕೊಳ್ಳುತ್ತಿದ್ದ ಗಂಟೆಗಳನ್ನು ಇದು ಉಳಿಸಬಲ್ಲದು. ಈ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಹನ್ನೆರಡು ಗಂಟೆಯ ಗಡುವು; ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಆದಕಾರಣ ತುರ್ತು ಚಿಕಿತ್ಸಾ ಕೊಠಡಿಯ ಮೊದಲ ಪ್ರಶ್ನೆಗಳಲ್ಲಿ ಒಂದು, ನೋವು ಶುರುವಾಗಿದ್ದು ಎಷ್ಟು ಗಂಟೆಗೆ ಎಂಬುದು. ಉತ್ತರ ಗಡಿಯಾರದ ಲೆಕ್ಕದಲ್ಲಿ ಬರುವುದು ಕಡಿಮೆ. ‘ಕೋಳಿ ಕೂಗೋ ಹೊತ್ತಿಗೆ’, ‘ಹಾಲು ಬರೋ ಮುಂಚೆ’, ‘ಸೀರಿಯಲ್ ಮುಗಿದು ಮಲಗೋವಾಗ’, ‘ನೈಟ್ ಶಿಫ್ಟ್ ಬಿಟ್ಟು ಬಂದ ಮೇಲೆ’. ಪಾಳಿಯ ವೈದ್ಯರು ಇದನ್ನು ಗಂಟೆ ನಿಮಿಷಗಳಿಗೆ ತಿರುಗಿಸಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು. ಕೋಳಿ ಯಾವಾಗ ಕೂಗಿತೆಂದು ಮನೆಯವರು ತಮ್ಮತಮ್ಮಲ್ಲಿ ಚರ್ಚಿಸುವಷ್ಟು ಹೊತ್ತೂ ಇ.ಸಿ.ಜಿ. ಯಂತ್ರದ ಕಾಗದ ಹೊರಬರುತ್ತಲೇ ಇರುತ್ತದೆ.